ಲಂಕೆಯ ಧಕ್ಕೆಯಲ್ಲಿ ಕೇಳಿದ ಹೆಸರು

ವಿಜಾಪುರ,
ಜುಮ್ಮಾ ಮಸೀದಿಯ ಹಿಂದಿನ ಓಣಿ,
ತಾ. ೧೪-೩-೧೯೬೦

ಅಕ್ಕ ಲಕ್ಕವ್ವನಿಗೆ ತಮ್ಮ ಕರೆಪ್ಪ ಬರೆಯುವುದು.

ನಾನೂ ಅವ್ವನೂ ಇಲ್ಲಿ ಗಟ್ಟಿಯಾಗಿದ್ದೇವೆ. ಕನಮಡಿಯಲ್ಲಿ ನೀನೂ ಗಟ್ಟಿಯಾಗಿದ್ದೀ ಎಂದು ನಿನ್ನ ಬೈಗುಳ ಓದಿದ ಮೇಲೆ ಗೊತ್ತಾಯಿತು. ಜಡ್ಡು ಬಿದ್ದವರಿಗೆ ಅಷ್ಟು ಕಸುವು ಇರುವುದಿಲ್ಲ. ಉತ್ತರ ತಡವಾಯಿತು, ತಪ್ಪಾಯಿತು. ಎರಡು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಬರೀ ಸಿಟ್ಟಿತ್ತು, ಎರಡನೆಯದರಲ್ಲಿ ಅದಕ್ಕಿಂತ ಹೆಚ್ಚಿತ್ತು. ನೀನು ಮುಲ್ಕಿ ಪಾಸಾದಾಕೆ. ನಾನು ಐದನೆಯ ಇಯತ್ತೆಯಲ್ಲಿ ಮಾಸ್ತರರ ಕೈಯ ಕೋಲು ಕಸಿದು ಕಿಟಕಿಯಿಂದ ಹೊರಗೆ ಎಸೆದು ಸಾಲಿ ಬಿಟ್ಟವನು. ಬರವಣಿಗೆ ಸೊಟ್ಟಗಿದ್ದರೆ ನುಂಗಿಕೋ. ಮಾತು ಸೊಟ್ಟಗಿದ್ದರೆ ಮಾತ್ರ ಕೇಳು. ಈ ಪತ್ರವನ್ನು ಭಾವನಿಗೆ ತೋರಿಸಬೇಡ.

ನೀನು ಬರೆದದ್ದು ಏನು? ಟಿಕೋಟಾದಲ್ಲಿ ಚಿಗವ್ವನ ಮಗಳ ಮದುವೆಯ ಹಂದರದಲ್ಲಿ ಮುತ್ತೈದೆಯರೆಲ್ಲ ಸುತ್ತುಗಟ್ಟಿ, ಒಡಪು ಹಾಕಿ ಗಂಡನ ಹೆಸರು ಹೇಳು ಮುರಿಗೆವ್ವಾ ಎಂದರು. ಅವ್ವ ಒಡಪು ಹಾಕಲಿಲ್ಲ, ನಾಚಲಿಲ್ಲ, ಸೆರಗು ಕೂಡ ಸರಿ ಮಾಡಿಕೊಳ್ಳಲಿಲ್ಲ. ಮುಖ ಎತ್ತಿ ಬರೀ ‘ಬಸಗೊಂಡ’ ಎಂದಳು. ಹಿಂದೆ ‘ಅಪ್ಪ’ ಎಂದು ಸೇರಿಸುವ ದಯೆಯನ್ನೂ ತೋರಿಸಲಿಲ್ಲ. ಆಚೆ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಅಪ್ಪ ತುತ್ತು ಬಿಟ್ಟು ಎದ್ದು ಹೋದ. ಈಗ ಅವನು ಹೇಳಿ ಕಳಿಸಿದ್ದಾನೆ: ಯುಗಾದಿ ಪಾಡ್ಯದ ದಿನ ಅವ್ವ ಬಬಲೇಶ್ವರಕ್ಕೆ ಬಂದು ಗೌಡರ ಮುಂದೆ, ಹಿರಿಯರ ಮುಂದೆ ಅವನ ಕಾಲು ಹಿಡಿದು ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ಆಕೆಗೆ ಆ ಮನೆಯ ಬಾಗಿಲು ಮುಚ್ಚಿತು. ಇದರ ಕೆಳಗೆ ನಿನ್ನ ಕೈಯಿಂದಲೇ ಬರೆದಿದ್ದೀ: “ಪರದೇಶದ ನೀರು ಕುಡಿಸಿ ಅವ್ವನ ತಲಿ ಕೆಡಿಸಿದಾಂವ ನೀನ. ನೀನ ಆಕಿನ್ನ ಕರಕೊಂಡು ಬಾ.”

ಅಕ್ಕಾ, ಕರೆದುಕೊಂಡು ಬರುವುದು ಬಿಡುವುದು ಆಮೇಲೆ. ಆ ಪ್ರವಾಸದಲ್ಲಿ ಏನಾಯಿತು ಎಂದು ಒಬ್ಬರಾದರೂ ಅವ್ವನನ್ನು ಕೇಳಿದಿರೇನು? ಎಲ್ಲರೂ ಕೇಳಿದ್ದು, ‘ಸಿಲೋನಿನಿಂದ ಏನು ತಂದಿ?’

ಮೊದಲು ಇದನ್ನು ತಿಳಿದುಕೋ. ಆಕೆಯನ್ನು ಕಳಿಸಿದವನು ನಾನಲ್ಲ, ಅಪ್ಪ. ಸೋಲಾಪುರ ಕಡೆಯ ಯಾತ್ರಾ ಕಂಪನಿಯೊಂದು ವಿಜಾಪುರದ ದೊಡ್ಡ ಮಂದಿಗೆ ನೇಪಾಳ, ಸಿಲೋನು ಎರಡೂ ದೇಶ ತೋರಿಸುತ್ತೇವೆಂದು ಕಾಗದ ಹಂಚಿತು. ಗುಡಿಗಳೂ ಉಂಟು, ಕಾಡುಮೃಗಗಳೂ ಉಂಟು, ಬಲ್ಲ ಗೈಡು ಜೊತೆಗೆ, ಎಲ್ಲಿ ಹೋದರೂ ನಮ್ಮದೇ ಊಟ! ನಮ್ಮ ದೊಡ್ಡ ಮಂದಿ ಹೆಂಡಿರು ಮಕ್ಕಳನ್ನು ಬಿಟ್ಟು ಹೋದಾರು, ಜೋಳದ ರೊಟ್ಟಿ ಬಿಟ್ಟು ಹೋಗುವವರಲ್ಲ. ಹಿಟ್ಟು, ಹಂಚು ಎಲ್ಲಾ ರೈಲಿನಲ್ಲಿ ಸಾಗಿಸುವುದೆಂದಾಯಿತು. ಬಡಿಯುವ ಕೈ ಒಂದು ಬೇಕಾಯಿತು. ನಾನು ಕೆಲಸ ಮಾಡುವ ಸಾಯಕಲ್ ಅಂಗಡಿಯ ಮಾಲಕ ಕಾಸಿಮಸಾಬರೂ ಅವರ ಹೆಂಡತಿ ಆಶಾಬಿಯೂ ಪ್ರವಾಸಕ್ಕೆ ಹೆಸರು ಹಚ್ಚಿದ್ದರು. ಅವರೇ ಅವ್ವನನ್ನು ಸೂಚಿಸಿದರು. ಚೀಲ ಹೊರಲು, ಒಲೆ ಹೂಡಲು ನಾನು.

ಅಪ್ಪ ಏನೆಂದ ಗೊತ್ತೇನು? ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ, “ಹೋಗಲಿ ಬಿಡು. ಬಂದ ರೊಕ್ಕದಾಗ ಒಂದು ಆಕಳ ಹಿಡದ್ರಾತು” ಎಂದ. ಹೊರದೇಶದ ನೀರು ಆಗ ಅವನಿಗೆ ಹಾಲಿನ ಹಾಗೆ ಕಂಡಿತ್ತು. ಸಿಲೋನಿಗೆ ಬೇಕಾದ ಪಾಸಪೋರ್ಟಿನ ಕಾಗದಕ್ಕೆ ಅವನ ಹೆಸರು ಬರೆಸಿದಾಗ ಅವನೂ ಪಕ್ಕದಲ್ಲೇ ನಿಂತಿದ್ದ. ಅವ್ವ ಹೆಬ್ಬೆಟ್ಟು ಒತ್ತಿದಳು.

ಅವ್ವ ಆ ಮೊದಲು ರೈಲು ಹತ್ತಿದವಳಲ್ಲ. ನೇಪಾಳದ ಚಳಿಗೆ ಹಿಟ್ಟು ನಾದುವಾಗ ಬೆರಳು ಸೆಟೆಯುತ್ತಿದ್ದವು. ಆದರೂ ಆಕೆ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವ್ವ ಅಷ್ಟು ನಕ್ಕದ್ದನ್ನು ನಾನು ನೋಡಿಲ್ಲ, ನೀನು ನೋಡಿದ್ದರೆ ಹೇಳು. ಕಾಠಮಾಂಡುವಿನಲ್ಲಿ ಗುಡ್ಡದ ಮೇಲೆ ಬುದ್ಧನದೊಂದು ದೊಡ್ಡ ಸ್ತೂಪವಿದೆ. ಅದರ ನೆತ್ತಿಯಲ್ಲಿ ನಾಲ್ಕು ದಿಕ್ಕಿಗೂ ಕಣ್ಣು ಬರೆದಿದ್ದಾರೆ. ಅವ್ವ ಅದರ ಸುತ್ತ ಒಂದು ಸುತ್ತು ಹಾಕಿ ಬಂದು, “ಎತ್ತ ಹೋದ್ರೂ ನೋಡತಾನಲ್ಲೋ. ಈ ಊರಾಗ ಅತ್ತಿ ಕಣ್ಣ ತಪ್ಪಿಸಿ ಸೊಸ್ತೇರು ಬೆಲ್ಲ ಹೆಂಗ ತಿಂತಾರೋ ಏನೋ!” ಎಂದಳು. ಅದೇ ಪೇಟೆಯಲ್ಲಿ ಅಪ್ಪನಿಗೆ ಒಂದು ಉಣ್ಣೆಯ ಕುಲಾಯಿ ಕೊಂಡಳು. “ಮುಂಜಾನಿ ಹೊಲಕ್ಕ ಹೋಗುವಾಗ ಅವರ ಕಿವಿ ಥಂಡಿ ಹಿಡಿತಾವ” ಎಂದಳು. ತನಗೆ ಒಂದು ಗಾಜಿನ ಬಳೆಯನ್ನೂ ಕೊಳ್ಳಲಿಲ್ಲ.

ತರಾಯಿ ಕಾಡಿನಲ್ಲಿ ಗೇಂಡಾಮೃಗ ತೋರಿಸಲು ಅಲ್ಲಿಯ ಜಮೀನ್ದಾರನ ಆನೆಗಳನ್ನು ಗೊತ್ತು ಮಾಡಿದ್ದರು. ವಕೀಲರ ಹೆಂಡತಿಯೊಬ್ಬರು ಆನೆ ಕಂಡು ಅಂಜಿ ಹಿಂದೆ ಸರಿದರು. ಅವರ ಜಾಗ ಖಾಲಿಯಾಯಿತು. ಆಶಾಬಿ ಅವ್ವನ ಕೈ ಹಿಡಿದು ಎಳೆದಳು. ನಮ್ಮ ಗೈಡ ಹಣಮಂತರಾಯ, ಯಾವಾಗಲೂ ಕೋಟಿನ ಕಿಸೆಯಲ್ಲಿ ಕೈ ಇಟ್ಟುಕೊಂಡೇ ಮಾತಾಡುವ ಮನುಷ್ಯ, ಅಡ್ಡ ಬಂದ.

“ರೊಟ್ಟಿ ಬಡಿಯಾಕಿ ಆನಿ ಹತ್ತಿದ್ರ ಒಲಿ ಮುಂದ ಆನಿ ಕುಂಡ್ರಬೇಕೇನು?”

ಆಶಾಬಿ ಬಿಟ್ಟಾಳೇ? “ಆನಿ ಕುಂತ್ರ ನಿಮ್ಮ ಪಾಲಿಂದೂ ಅದ ತಿಂತೈತ್ರಿ ರಾಯರ. ಅದಕ್ಕ ಆಕಿ ಆನಿ ಮ್ಯಾಲ ಕುಂದ್ರೂದ ಛಲೋ” ಎಂದಳು. ಎಲ್ಲರೂ ನಕ್ಕರು. ಅವ್ವ ಹತ್ತಿದಳು.

ಗೇಂಡಾಮೃಗ ಹುಲ್ಲಿನಿಂದ ಹೊರಗೆ ಬಂದಾಗ ಗೈಡ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ಅವ್ವ ಮೇಲಿನಿಂದ ಕೂಗಿದಳು: “ಯಪ್ಪಾ ಕರೆಪ್ಪಾ! ಎಮ್ಮಿಗೆ ತಗಡ ಹೊಡದಾರ ನೋಡೋ!”

ಇಳಿಯುವಾಗ ಹೆಂಗಸರೆಲ್ಲ ಆನೆಯ ಮುಂದೆ ಅಡ್ಡ ನಿಂತರು. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆಯುತ್ತಾರಲ್ಲ, ಹಾಗೆ. “ಹೆಸರ ಹೇಳು, ಇಲ್ಲಾಂದ್ರ ಇಳಿಸಂಗಿಲ್ಲ” ಎಂದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೊನೆಗೆ ಸೆರಗಿನೊಳಗಿಂದಲೇ ಅಂದಳು:

“ಹಿಮದ ಗುಡ್ಡಕ ಬೆಳ್ಳಿಯ ಮುಂಡಾಸ, ಆನಿಯ ಮ್ಯಾಲ ನಾ ಕುಂತೇನಿ,
ಬಬಲೇಶ್ವರದ ಬಸಗೊಂಡಪ್ಪರ ಹೆಸರ ಹೇಳಿ ಕೆಳಗ ಇಳಿತೇನಿ.”

ಆಗಿಂದಾಗ ಕಟ್ಟಿದ ಒಡಪು ಅದು! ಬಬಲೇಶ್ವರದಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ ಮನುಷ್ಯನ ಹೆಸರನ್ನು ಅವ್ವ ಹಿಮಾಲಯದ ಬುಡದಲ್ಲಿ ಮುಂಡಾಸು ಕಟ್ಟಿ ಮೆರೆಸಿದಳು. ಇದು ನಿನಗೆ ನೆನಪಿರಲಿ. ಹೆಸರು ಹೇಳುವುದು ಹೇಗೆಂದು ಅವ್ವನಿಗೆ ಯಾರೂ ಕಲಿಸಬೇಕಾಗಿಲ್ಲ.

ಅಲ್ಲಿಂದ ಮದ್ರಾಸಿಗೆ, ಅಲ್ಲಿಂದ ಧನುಷ್ಕೋಡಿಗೆ. ಧನುಷ್ಕೋಡಿಯಲ್ಲಿ ಆಗಬೋಟು ಹತ್ತಿದೆವು. ದೊಡ್ಡ ಮಂದಿಯೆಲ್ಲ ಕಂಬಿ ಹಿಡಿದು ವಾಂತಿ ಮಾಡಿಕೊಂಡರು. ಆಚೆ ದಂಡೆ ತಲೈಮನ್ನಾರು. ಉದ್ದಕ್ಕೆ ಸಮುದ್ರದೊಳಗೆ ಚಾಚಿದ ಧಕ್ಕೆ, ಅದರ ಮೇಲೆ ಒಂದು ತಗಡಿನ ಕಚೇರಿ, ಪಕ್ಕದಲ್ಲೇ ರೈಲು ನಿಂತಿರುತ್ತದೆ. ಕಾಗದ ತೋರಿಸಿ ಠಸ್ಸೆ ಹೊಡೆಸಿಕೊಂಡು ರೈಲು ಹತ್ತಬೇಕು.

ಈಗ ಅಲ್ಲಿ ಬಲು ಬಿಗಿ. ಚಹಾ ತೋಟಕ್ಕೆ ನಮ್ಮ ದೇಶದ ಮಂದಿ ಸುಳ್ಳು ಕಾಗದ ಹಿಡಿದು ಬರುತ್ತಾರೆ, ಯಾರದೋ ಹೆಂಡತಿಯನ್ನು ಯಾರದೋ ಹೆಸರಿನಲ್ಲಿ ತರುತ್ತಾರೆ ಎಂದು ಅವರಿಗೆ ಸಂಶಯ. ಶಾಲು ಹೊದ್ದ ಹೆಂಗಸರನ್ನು ಬಿಟ್ಟರು. ಇಳಕಲ್ ಸೀರೆಯ ಅವ್ವನನ್ನು ಹಿಡಿದು ನಿಲ್ಲಿಸಿದರು. ಹುಬ್ಬಳ್ಳಿ ರೇಲ್ವೆಯಲ್ಲಿ ಹಿಂದೆ ದುಡಿದಿದ್ದ ಒಬ್ಬ ತಮಿಳ ದುಭಾಷಿಯಿದ್ದ. ಅವನು ಕೇಳಿದ: “ಅಮ್ಮಾ, ನಿಮ್ಮ ಗಂಡನ ಹೆಸರೇನು?”

ಅವ್ವ ನನ್ನ ಕಡೆ ನೋಡಿದಳು. ನಾನು ಹೇಳಿದೆ. ಮೇಜಿನ ಹಿಂದೆ ಕೂತಿದ್ದ ಟೊಪ್ಪಿಗೆಯ ಸಾಹೇಬ ಕೈ ಎತ್ತಿದ. ‘ನಿನ್ನನ್ನು ಕೇಳಿಲ್ಲ, ಆಕೆಯನ್ನು ಕೇಳಿದ್ದು.’ ಮತ್ತೆ ಕೇಳಿದರು. ಅವ್ವ ಸೆರಗು ಕಚ್ಚಿ ನಿಂತಳು. ದುಭಾಷಿ ಕೆಟ್ಟವನಲ್ಲ. “ನಮ್ಮ ಹೆಂಗಸರೂ ಹೇಳೂದಿಲ್ಲಮ್ಮಾ, ನನಗ ಗೊತ್ತೈತಿ. ಆದ್ರ ಈ ಮೇಜಿನ ಮುಂದ ಎಲ್ಲಾರೂ ಕಡೀಕ ಹೇಳತಾರ. ಒಂದ ಸಲ ಅಂದುಬಿಡ್ರಿ, ರೈಲು ಹೊಂಡತೈತಿ” ಎಂದ.

ಅವ್ವ ಅಂದಳು: “ಗಂಡನ ಹೆಸರ ಹಿಡದ್ರ ಅವರ ಆಯುಷ್ಯ ಕಡಿಮಿ ಆಕ್ಕೈತಿ. ನಿಮ್ಮ ರೈಲಿನ ಸಲುವಾಗಿ ನಾ ಯಾಕ ಅವರ ಆಯುಷ್ಯ ಕಡಿಮಿ ಮಾಡ್ಲಿ?”

ಆಶಾಬಿ ಕಿವಿಯಲ್ಲಿ ಊದಿದಳು: “ಆನಿ ಮ್ಯಾಲ ಅಂದಿದ್ದಿಯಲ್ಲ ಬೇ, ಹಂಗ ಒಡಪ ಹಾಕು.”

“ಅಲ್ಲಿ ಮುತ್ತೈದೇರು ಕೇಳಿದ್ರು, ಅಂದೆ. ಈ ಟೊಪಿಗಿ ಸಾಹೇಬನ ಮುಂದ ಒಡಪ ಹಾಕಾಕ ನಾ ಏನ ಸರಕಾರದ ಮನಿ ಸೊಸಿಯೇನು?”

ದುಭಾಷಿಗೆ ನಗು ತಡೆಯಲಿಲ್ಲ. ಸಾಹೇಬನಿಗೆ ಅದು ಇನ್ನೂ ಸಂಶಯವಾಯಿತು. ರೈಲು ಸೀಟಿ ಊದಿತು.

ಈಗ ಗೈಡನ ವಿಷಯ ಕೇಳು. ನಮ್ಮನ್ನು ಕರೆತಂದವನು ಅವನು. ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಅವನು ಕೋಟಿನ ಕಿಸೆಯಿಂದ ಕೈಯನ್ನೂ ತೆಗೆಯದೆ, “ಇವರು ಕೂಲಿ ಮಂದಿ. ಇವರ ಗಂಡ ಹೆಂಡಿರ ಜವಾಬ್ದಾರಿ ನಮ್ಮ ಕಂಪನಿಗೆ ಇಲ್ಲ” ಎಂದು ಹೇಳಿ ರೈಲು ಹತ್ತಿದ. ಆನೆಯ ಮುಂದೆ ಅಡ್ಡ ನಿಂತು ಒಡಪು ಹೇಳಿಸಿದ ಹೆಂಗಸರು ಕಿಟಕಿಯಿಂದ ನೋಡಿದರು. ಒಬ್ಬರೂ ಇಳಿಯಲಿಲ್ಲ. ನಾನು ಹಿಟ್ಟಿನ ಚೀಲವನ್ನು ಅವನ ರೈಲು ಡಬ್ಬಿಯೊಳಗೆ ಎಸೆಯಬೇಕೆಂದು ಎತ್ತಿದೆ. ಕಾಸಿಮಸಾಬರು ಹಿಂದಿನಿಂದ ಹಿಡಿದುಕೊಂಡರು. “ಹಿಟ್ಟ ಯಾಕ ಕೊಡ್ತೀಲೇ ಆ ನಾಯಿಗೋಳಿಗೆ? ಕೆಳಗ ಇಡು” ಎಂದರು. ಅವರ ಟ್ರಂಕು ಅಷ್ಟರಲ್ಲಿ ರೈಲಿನಲ್ಲಿತ್ತು. ಅದನ್ನು ಇಳಿಸಿಕೊಂಡರು. ಗಂಡ ಹೆಂಡತಿ ಇಬ್ಬರೂ ನಮ್ಮ ಜೊತೆ ಧಕ್ಕೆಯ ಮೇಲೆ ಉಳಿದರು. ನಮ್ಮ ಜಾತಿಯಲ್ಲ, ನಮ್ಮ ಕಳ್ಳುಬಳ್ಳಿಯಲ್ಲ. ಹೊರದೇಶದ ಬಿಸಿಲಿನಲ್ಲಿ ಅವರು ಉಳಿದರು.

ಸಾಹೇಬ ವಿಜಾಪುರದ ಪೊಲೀಸರಿಗೆ ತಂತಿ ಹೊಡೆಸಿದ. ಇಂಥ ಹೆಂಗಸು ಬಬಲೇಶ್ವರದ ಬಸಗೊಂಡಪ್ಪನ ಹೆಂಡತಿ ಹೌದೋ ಅಲ್ಲವೋ, ಕೇಳಿ ತಿಳಿಸಿ ಎಂದು. ಉತ್ತರ ಬರುವ ತನಕ ನಮ್ಮನ್ನು ಒಂದು ತಗಡಿನ ಗೋದಾಮಿನಲ್ಲಿ ಇಟ್ಟರು. ಒಣ ಮೀನಿನ ವಾಸನೆಗೆ ಅವ್ವ ಅನ್ನ ಮುಟ್ಟಲಿಲ್ಲ. ಆದರೆ ಆಕೆಗೆ ಹೆದರಿಕೆಯೇ ಇರಲಿಲ್ಲ, ಅಕ್ಕಾ. ನನಗೇ ಸಮಾಧಾನ ಹೇಳುತ್ತಿದ್ದಳು.

“ಸಿಟ್ಟ ಯಾಕ ಮಾಡ್ತೀಯೋ? ತಂತಿ ಮುಟ್ಟಿದ್ದ ತಡ, ಅವರು ಎಲ್ಲಾ ಬಿಟ್ಟು ಠಾಣೆಕ್ಕ ಓಡತಾರ. ‘ನನ್ನ ಹೆಂತಿನ್ನ ಹಿಡದಿಟ್ಟಾಂವ ಯಾವಾಂವ?’ ಅಂತ ಒದರತಾರ ನೋಡು. ಅವರ ದನಿ ನಿನಗ ಗೊತ್ತಿಲ್ಲೇನು?”

ಸಾರವಾಡದ ಜಾತ್ರೆಗೆ ಹೋದಾಗ ತಾನು ಗದ್ದಲದಲ್ಲಿ ತಪ್ಪಿಸಿಕೊಂಡದ್ದು, ಅಪ್ಪ ಬಂಡಿಯ ಮೇಲೆ ನಿಂತು ಊರೆಲ್ಲಾ ಕೇಳುವ ಹಾಗೆ ಕೂಗಿದ್ದು, ಇದನ್ನೇ ಆಶಾಬಿಯ ಮುಂದೆ ಮತ್ತೆ ಮತ್ತೆ ಹೇಳಿದಳು. ಆಶಾಬಿ ಹೂಂ ಹೂಂ ಎಂದು ಕೇಳಿದಳು. ಧಕ್ಕೆಯ ಮೇಲೆ ಯಾರ ಬೂಟಿನ ಸದ್ದಾದರೂ ಅವ್ವ ಎದ್ದು ಬಾಗಿಲಿಗೆ ಹೋಗುತ್ತಿದ್ದಳು.

ಮೂರನೆಯ ದಿನ ಬಿಟ್ಟರು. ಅವ್ವ ಹೆಸರು ಹೇಳಿದಳು, ಬಿಟ್ಟರು. ಅಷ್ಟು ತಿಳಿದುಕೋ, ಅದರ ಹಿಂದೆ ಮುಂದೆ ಕೇಳಬೇಡ. ಹೊರಡುವಾಗ ಆ ದುಭಾಷಿಯ ಕೈಗೆ ಉಣ್ಣೆಯ ಕುಲಾಯಿ ಕೊಟ್ಟಳು. ಬೆವರು ಸುರಿಯುವ ಆ ಊರಿನಲ್ಲಿ ಅವನು ಅದನ್ನು ಏನು ಮಾಡಿಕೊಂಡನೋ.

ನಾವು ಕ್ಯಾಂಡಿಯಲ್ಲಿ ಗುಂಪನ್ನು ಸೇರಿದೆವು. ದೊಡ್ಡ ಮಂದಿ ತೆಂಗಿನ ಹಾಲಿನ ಅನ್ನ ಉಂಡು ಹೊಟ್ಟೆ ಕೆಡಿಸಿಕೊಂಡು ಬಿದ್ದಿದ್ದರು. ನಮ್ಮನ್ನು ಕಂಡ ಕೂಡಲೇ ಹಣಮಂತರಾಯ ಕೇಳಿದ್ದು, “ಬಂದ್ರೇನು? ಹಿಟ್ಟೈತೇನು?” ನಾನು ಹಂಚು ಎತ್ತಿದ್ದು ಹೌದು. ಅವ್ವ, “ಹಂಚು ಒಡಿಬ್ಯಾಡೋ, ಕಂಪನಿದಲ್ಲ, ನನ್ನದದು” ಎಂದಳು. ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಆದರೆ ನಗಲಿಲ್ಲ. ಹೊಳೆಯಲ್ಲಿ ಆನೆಗಳನ್ನು ಮಲಗಿಸಿ ತೆಂಗಿನ ಚಿಪ್ಪಿನಿಂದ ತಿಕ್ಕಿ ತೊಳೆಯುತ್ತಾರೆ ಅಲ್ಲಿ. ಅದನ್ನು ನೋಡಲು ಎಲ್ಲರೂ ಓಡಿದರು. ಅವ್ವ ನೋಡಿ, “ಹೂಂ” ಎಂದಳು. ಬುದ್ಧನ ಹಲ್ಲು ಇಟ್ಟ ಗುಡಿಯಲ್ಲಿ ಹೂವು ಹಿಡಿದ ಸಾಲಿನಲ್ಲಿ ನಿಂತು, ತನ್ನ ಪಾಳಿ ಬಂದಾಗ ಹೂವನ್ನು ಹಿಂದಿನವಳ ಕೈಗೆ ಕೊಟ್ಟು ಹೊರಗೆ ಬಂದಳು.

ಕೊನೆಗೆ ವಿಲ್ಪತ್ತು ಎಂಬ ಕಾಡು. ಒಂದು ಕೆರೆಯ ಹತ್ತಿರ ಮೋಟಾರು ನಿಲ್ಲಿಸಿ, ಉಸಿರು ಬಿಡಬೇಡಿ ಎಂದರು. ಚಿರತೆ ನೀರಿಗೆ ಬಂತು. ನಿಜವಾಗಿ ಚೆಂದ ಇತ್ತು ಅಕ್ಕಾ, ಹೊಟ್ಟೆ ನೆಲಕ್ಕೆ ಹಚ್ಚಿ, ನಾಲಿಗೆ ಚಾಚಿ ನೀರು ನೆಕ್ಕುತ್ತಿತ್ತು. ಎಲ್ಲರೂ ಕಲ್ಲಾಗಿ ಕೂತಿದ್ದೆವು. ಆಗ ನನ್ನ ಪಕ್ಕದಲ್ಲಿ ಅವ್ವ, ಗಟ್ಟಿ ದನಿಯಲ್ಲಿ, “ಬಸ-ಗೊಂಡ” ಎಂದಳು.

ಚಿರತೆ ಹಾರಿ ಹೋಯಿತು. ಹಣಮಂತರಾಯ ಎದ್ದು ನಿಂತು ಹಲ್ಲು ಕಡಿದ: “ಏನ್ ಹುಚ್ಚ ಹೆಂಗಸಲೇ ಇದು! ಚಿರ್ಚಿಗೆ ಗಂಡನ ಹೆಸರು ಹೇಳತಾಳ!”

ಅವ್ವ ಅವನ ಕಡೆ ನೋಡಲೇ ಇಲ್ಲ. ನನಗೆ ಅಂದಳು: “ನಾಲಿಗಿಗೆ ಏನೂ ಆಗಲಿಲ್ಲ ನೋಡೋ. ಹುಳಾ ಬೀಳ್ತಾವಂತ ನಮ್ಮವ್ವ ಹೇಳ್ತಿದ್ದಳು.”

ಈಗ ಆ ಹಣಮಂತರಾಯ ವಿಜಾಪುರದಲ್ಲಿ ಸಭೆ ಕೂಡಿಸಿ ‘ನಾನು ಕಂಡ ಚಿರತೆ’ ಎಂದು ಭಾಷಣ ಮಾಡುತ್ತಿದ್ದಾನೆ. ಹಾರ ಹಾಕಿಸಿಕೊಳ್ಳುತ್ತಿದ್ದಾನೆ. ನಾನು ಒಂದು ದಿನ ಹಿಂದಿನ ಸಾಲಿನಲ್ಲಿ ಹೋಗಿ ಕೂತೆ. ‘ನಮ್ಮ ಪ್ರವಾಸದಲ್ಲಿ ಯಾರಿಗೂ ಯಾವ ತೊಂದರೆಯೂ ಆಗಲಿಲ್ಲ’ ಎಂದ. ನಾನು ಎದ್ದು, “ರಾಯರ, ಧಕ್ಕಿ ಮ್ಯಾಲ ಬಿಟ್ಟ ಬಂದ ಹೆಂಗಸಿನ ಹೆಸರ ಹೇಳ್ರಿ” ಎಂದೆ. ಹೊರಗೆ ಹಾಕಿದರು. ಅಂಗಿ ಹರಿಯಿತು, ಅಷ್ಟೇ. ಅವ್ವ ಹೊಲಿದು ಕೊಟ್ಟಿದ್ದಾಳೆ.

ತಿರುಗಿ ಬಂದ ಮೇಲೆ ಅವ್ವ ವಿಜಾಪುರದಲ್ಲೇ ಇಳಿದಳು. ‘ಬಬಲೇಶ್ವರಕ್ಕ ಮೋಟಾರ ನಾಳೆ ಐತಿ’ ಎಂದೆ. “ಇರಲಿ ಬಿಡು” ಎಂದಳು. ಆಶಾಬಿ ತಮ್ಮ ಹಿತ್ತಲ ಖೋಲಿ ತೆರೆದು ಕೊಟ್ಟಳು. ಈಗ ಅವ್ವ ಗಾಂಧಿ ಚೌಕದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ನಿಮ್ಮಪ್ಪ ಎರಡು ಸಲ ಹೇಳಿ ಕಳಿಸಿದ. ಮೊದಲ ಸಲ, “ಜ್ವಾಳ ಕೊಯ್ಯಾಕ ಆಳ ಸಿಗವಲ್ಲರು, ಬಾ ಅನ್ನು.” ಎರಡನೆಯ ಸಲ, “ಎಮ್ಮಿ ಈದೈತಿ, ಬಾ ಅನ್ನು.” ಅವನೇ ಬರಲಿಲ್ಲ. ಬಬಲೇಶ್ವರದಿಂದ ವಿಜಾಪುರಕ್ಕೆ ಸಮುದ್ರ ದಾಟಬೇಕೇನು? ಸಂತೆಗೆ ಬರುತ್ತಾನೆ, ಎತ್ತಿಗೆ ಲಾಳ ಕಟ್ಟಿಸಲು ಬರುತ್ತಾನೆ, ಇಲ್ಲೇ ಪಕ್ಕದ ಇಟ್ಟಂಗಿಹಾಳದ ತನಕ ಬೀಗರ ಊಟಕ್ಕೆ ಬರುತ್ತಾನೆ. ಈ ಓಣಿಗೆ ಬರಲು ಅವನ ಕಾಲು ಬರುವುದಿಲ್ಲ. ಆ ಕಾಲನ್ನು ಅವ್ವ ಹೋಗಿ ಹಿಡಿಯಬೇಕು!

ಅಕ್ಕಾ, ನೀನು ಅವ್ವನ ಮೇಲೆ ಸಿಟ್ಟು ಮಾಡುವುದು ನಿನ್ನ ಅತ್ತೆಯ ಮನೆಯವರು ಆಡಿಕೊಳ್ಳುತ್ತಾರೆಂದು. ಅದು ನನಗೆ ತಿಳಿಯುತ್ತದೆ. ‘ನಿನ್ನ ಅವ್ವ ಗಂಡನ ಹೆಸರು ಹಿಡಿದವಳು’ ಎಂದು ನೀರಿನ ಬಾವಿಯ ಹತ್ತಿರ ಅಂದಾರು. ಅನ್ನಲಿ. ಅಂದವರನ್ನು ಕೇಳು, ‘ನಿಮ್ಮ ಗಂಡಂದಿರ ಹೆಸರಿನ ಸಲುವಾಗಿ ನೀವು ಎಷ್ಟು ದಿನ ಮೀನಿನ ಗೋದಾಮಿನಲ್ಲಿ ಉಪವಾಸ ಇದ್ದಿರಿ?’

ಯುಗಾದಿಗೆ ನಾವು ಬರುವುದಿಲ್ಲ. ಗೌಡರಿಗೆ, ಹಿರಿಯರಿಗೆ ಹಾಗೇ ಹೇಳು. ಬಾಗಿಲು ಮುಚ್ಚುವವರು ಮುಚ್ಚಿಕೊಳ್ಳಲಿ. ನೀನು ಮಾತ್ರ ಬೇವು-ಬೆಲ್ಲಕ್ಕೆ ಇಲ್ಲಿಗೆ ಬಾ. ಖೋಲಿ ಸಣ್ಣದು, ಆದರೆ ಆಶಾಬಿಯ ಅಂಗಳ ದೊಡ್ಡದು.

ಅವ್ವ ನಿನ್ನ ಕೂಸು ಹುಲಿಗೆವ್ವನಿಗೆ ಮುತ್ತು ಹೇಳಿದ್ದಾಳೆ. ಅದಕ್ಕೆ ಹಲ್ಲು ಬರುವಾಗ ಜ್ವರ ಬಂದರೆ ಅಂಜಬೇಡ ಎಂದಿದ್ದಾಳೆ. ನಿನ್ನ ಮಡಿಲು ತಣ್ಣಗಿರಲಿ, ಕೈಬಳೆ ಗಟ್ಟಿಯಿರಲಿ ಎಂದು ಹರಸಿದ್ದಾಳೆ. ಅದನ್ನು ಬರೆಯುವಾಗ ನನಗೆ ಸಿಟ್ಟು ಬಂತು. ಆದರೂ ಆಕೆ ಹೇಳಿದ ಹಾಗೆಯೇ ಬರೆದಿದ್ದೇನೆ.

ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನವನೇ ಆದ
ತಮ್ಮ ಕರೆಪ್ಪ

ತಾ. ಕ.: ಪತ್ರವನ್ನು ಡಬ್ಬಿಗೆ ಹಾಕಲು ಹೊರಟಿದ್ದೆ. ಅವ್ವ ತಡೆದಳು. “ಎಲ್ಲಾ ಬರದಿಯೇನೋ?” ಎಂದಳು. ‘ನೀ ಬ್ಯಾಡಂದದ್ದು ಬರದಿಲ್ಲ’ ಎಂದೆ. ಹಿಟ್ಟಿನ ಕೈ ತಿಕ್ಕಿಕೊಂಡಳು. “ಬರದುಬಿಡು. ಕಾಲ ಹಿಡಿ ಅಂತ ಹೇಳಿ ಕಳಿಸ್ಯಾಳ. ಆಕೀನೂ ಒಬ್ಬರ ಹೆಂತಿ. ತಿಳ್ಕೊಳ್ಳಲಿ” ಎಂದಳು.

ಅಕ್ಕಾ, ಅಪ್ಪನಿಂದ ಉತ್ತರ ಬಂದಿತ್ತು. ಮೂರನೆಯ ದಿನ ದುಭಾಷಿ ನಮ್ಮನ್ನು ಕಚೇರಿಗೆ ಕರೆದ. ಅವನು ಅವ್ವನ ಮುಖ ನೋಡಲಿಲ್ಲ, ಮೇಜು ನೋಡುತ್ತ ಹೇಳಿದ. ಪೊಲೀಸರು ಬಬಲೇಶ್ವರಕ್ಕೆ ಹೋಗಿ ಗೌಡರ ಮುಂದೆ ಅಪ್ಪನನ್ನು ಕೇಳಿದರಂತೆ. ಅವನು, ‘ಈ ಹೆಂಗಸು ನನ್ನ ಹೆಂಡತಿ ಅಲ್ಲ. ಯಾರೋ ನನಗೆ ಗೊತ್ತಿಲ್ಲ’ ಎಂದು ಹೇಳಿಕೆ ಕೊಟ್ಟನಂತೆ. ಅದೇ ಗೌಡರ ಮುಂದೆ, ಅಕ್ಕಾ. ಯುಗಾದಿಗೆ ಅವ್ವ ಕಾಲು ಹಿಡಿಯಬೇಕಾದದ್ದು ಅದೇ ಗೌಡರ ಮುಂದೆ.

ಟಿಕೋಟಾದಲ್ಲಿ ಅವನು ಪಂಕ್ತಿ ಬಿಟ್ಟು ಎದ್ದ ಮೇಲೆ ನಾನು ಹಂದರದ ಹಿಂದೆ ಹೋಗಿ ಹಿಡಿದು ಕೇಳಿದೆ. “ಪೊಲೀಸರು ಬಂದು ಸಿಲೋನ ಸರಕಾರ ಅಂದ್ರೋ. ಆಕಿ ಏನ ಮಾಡ್ಯಾಳೋ, ಹೊಲಾ ಜಪ್ತ ಮಾಡ್ತಾರೋ ಏನೋ ಅಂತ ಅಂಜಿದೆ. ಅಂಜಿ ಒಂದ ಮಾತ ಅಂದೆ. ಹಂಗಂತ ಆಕಿ ಮಂದ್ಯಾಗ ನನ್ನ ಹೆಸರ ಹಿಡಿಯೂದ?” ಎಂದ. ಒಂದು ಮಾತಂತೆ!

ಆ ದಿನ ಕಚೇರಿಯಲ್ಲಿ ಅವ್ವ, “ಇನ್ನೊಮ್ಮೆ ಹೇಳ್ರಿ” ಎಂದಳು. ದುಭಾಷಿ ಇನ್ನೊಮ್ಮೆ ಹೇಳಿದ. ನಾನು ಏನೋ ಕೂಗುತ್ತಿದ್ದೆ, ಕಾಸಿಮಸಾಬರು ನನ್ನ ಬಾಯಿ ಮುಚ್ಚಿದ್ದರು. ಆಗ ಅವ್ವನನ್ನು ಯಾರೂ ಏನೂ ಕೇಳಿರಲಿಲ್ಲ. ತಾನೇ ಮೇಜಿನ ಹತ್ತಿರ ಹೋದಳು. “ಬಸಗೊಂಡ. ಊರು ಬಬಲೇಶ್ವರ. ಬರಕೋರಿ” ಎಂದಳು. ಸಾಹೇಬ ಅವಳನ್ನೇ ನೋಡಿದ. ಪಾಸಪೋರ್ಟು ತೆಗೆದು ಹೆಸರು ತಾಳೆ ನೋಡಿದ. ಗಂಡ ಒಪ್ಪಿದನೋ ಬಿಟ್ಟನೋ ಅದು ಸಿಲೋನಿನ ಕೆಲಸವಲ್ಲ, ಹೆಸರು ಸರಿಯಿದೆ ಎಂದು ಠಸ್ಸೆ ಹೊಡೆದ.

ಅವ್ವ ಉಂಡು ಎದ್ದವರ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಬಂದಳು.